ಗ್ರಿಶಮ್ ಕಾದಂಬರಿ: ಡಿಕ್ರಿ ಬೇರೆ, ದುಡ್ಡು ಬೇರೆ

ಸಂಪಾದಕರೇ,

ಕೋರ್ಟು-ವಕೀಲರ ಕಥೆ ಬರೆಯುವ ಅಮೆರಿಕದ ಲೇಖಕ ಜಾನ್ ಗ್ರಿಶಮ್ ಕಾದಂಬರಿಗಳ ಬಗ್ಗೆ ನಿಮ್ಮ ವಾಚಕರ ವಿಭಾಗದಲ್ಲಿ ಮೂರು ವಾರದಿಂದ ಜಗಳ ನಡೆದಿದೆ. ಬೆಳಗಾವಿಯ ವಕೀಲರೊಬ್ಬರು ‘ಕೋರ್ಟು ಹೀಗಿರುವುದೇ ಇಲ್ಲ, ರೈಲಿನಲ್ಲಿ ಹೊತ್ತು ಕಳೆಯಲು ಅಷ್ಟೇ ಸರಿ’ ಎಂದು ಬರೆದರು. ವಿಜಯಪುರದ ಹುಡುಗಿಯೊಬ್ಬಳು ‘ನಾನು ಕಾನೂನು ಓದಲು ಸೇರಿದ್ದೇ ಇವನ್ನು ಓದಿ’ ಎಂದು ತಿರುಗಿ ಬರೆದಳು. ಕಳೆದ ವಾರ ಇನ್ನೊಬ್ಬರು, ‘ಮುನ್ನೂರು ಪುಟ ಓಡಿಸಿಕೊಂಡು ಹೋಗುತ್ತಾನೆ, ಕೊನೆಗೆ ಬಂದಾಗ ಸಪ್ಪೆ ಮಾಡಿಬಿಡುತ್ತಾನೆ’ ಎಂದರು. ಈ ಕೊನೆಯ ಮಾತಿಗೆ ನನ್ನ ತಕರಾರಿದೆ.

ನಾನು ವಕೀಲಳಲ್ಲ. ಬಾಗಲಕೋಟೆ ಕಡೆಯ ಕೋರ್ಟುಗಳಲ್ಲಿ 31 ವರ್ಷ ಬೆರಳಚ್ಚುಗಾರ್ತಿಯಾಗಿದ್ದೆ. ಸಾಕ್ಷಿ ಹೇಳುವುದು, ಜಡ್ಜ್ ಸಾಹೇಬರು ಬರೆಸುವುದು, ನಾನು ಟೈಪ್ ಮಾಡುವುದು. ಪಾಟೀಸವಾಲು, ಅಂದರೆ ಎದುರು ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದು, ಮುಗಿಯುವ ಹೊತ್ತಿಗೆ ಒಂದು ಸಾಲು ಬಂದೇ ಬರುತ್ತಿತ್ತು: ‘ನಾನು ಸುಳ್ಳು ಸಾಕ್ಷಿ ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ.’ ಅದನ್ನು ಎಷ್ಟು ಸಾವಿರ ಸಲ ಬಡಿದಿದ್ದೇನೋ. ಈಗಲೂ ನಿದ್ದೆಯಲ್ಲಿ ನನ್ನ ಬೆರಳು ಆಡುತ್ತವಂತೆ, ಮಗಳು ನಗುತ್ತಾಳೆ.

ವಕೀಲರ ಮಾತು ಅರ್ಧ ಸರಿ. ಅಮೆರಿಕದಲ್ಲಿ ಊರಿನ ಸಾಮಾನ್ಯ ಜನ ಜ್ಯೂರಿಯಾಗಿ ಕೂತು ತೀರ್ಮಾನ ಹೇಳುತ್ತಾರೆ. ನಮ್ಮಲ್ಲಿ 1959ರ ನಾನಾವತಿ ಕೊಲೆ ಪ್ರಕರಣದಲ್ಲಿ ಜ್ಯೂರಿಯ ತೀರ್ಮಾನ ದೊಡ್ಡ ಸುದ್ದಿಯಾಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿಗೆ ಜಾಗವೇ ಉಳಿಯಲಿಲ್ಲ. ಹಾಗಾಗಿ ತಂಬಾಕು ಕಂಪನಿ ಜ್ಯೂರಿಯನ್ನೇ ಕೈಯೊಳಗೆ ಹಾಕಿಕೊಳ್ಳಲು ನೋಡುವ ‘ದಿ ರನ್‌ಅವೇ ಜ್ಯೂರಿ’ ನಮಗೆ ಬೇರೆ ಲೋಕದ ಕಥೆ. ಫೀಸಿನ ವಿಷಯವೂ ಹಾಗೇ. ಅಲ್ಲಿ ಗೆದ್ದರೆ ಮೂರರಲ್ಲಿ ಒಂದು ಪಾಲು ವಕೀಲನಿಗೆ. ಇಲ್ಲಿ ವಕೀಲರ ಪರಿಷತ್ತಿನ ನಿಯಮ ಅದಕ್ಕೆ ಒಪ್ಪುವುದಿಲ್ಲ. ನಿಯಮ ಒಪ್ಪುವುದಿಲ್ಲ ಎಂದಷ್ಟೇ ನಾನು ಹೇಳಿದೆ. ಇನ್ನು ವೇಗ! ಈತನ ಕಾದಂಬರಿಯಲ್ಲಿ ಕೇಸು ಹಾಕಿದ ವಕೀಲನ ಕೂದಲು ಬೆಳ್ಳಗಾಗುವ ಮೊದಲೇ ತೀರ್ಪು ಬರುತ್ತದೆ.

ಆದರೆ ಗ್ರಿಶಮ್ ಕೋರ್ಟು ಕಾಣದೆ ಬರೆದವನಲ್ಲ. ಮಿಸಿಸಿಪ್ಪಿಯ ಸೌತ್‌ಹೇವನ್ ಎಂಬ ಸಣ್ಣ ಊರಿನಲ್ಲಿ ಹತ್ತು ವರ್ಷದಷ್ಟು ವಕೀಲಿ ಮಾಡಿದವನು. ಒಂದು ದಿನ ಕೋರ್ಟಿನಲ್ಲಿ 12 ವರ್ಷದ ಹುಡುಗಿಯೊಬ್ಬಳು ತನ್ನ ಮೇಲಾದ ಅತ್ಯಾಚಾರದ ಬಗ್ಗೆ ಸಾಕ್ಷಿ ಹೇಳಿದ್ದನ್ನು ಕೇಳಿ, ಆ ಹುಡುಗಿಯ ಅಪ್ಪ ಅಪರಾಧಿಗಳನ್ನು ಕೊಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ಮೊದಲ ಕಾದಂಬರಿ ಶುರು ಮಾಡಿದ. ಬರೆಯಲು ಮೂರು ವರ್ಷ. 1989ರಲ್ಲಿ ಅಚ್ಚಾಗಿದ್ದು ಬರೀ 5,000 ಪ್ರತಿ. ಅಂಥ ಹೇಳಿಕೆಗಳನ್ನು ನಾನೂ ಟೈಪ್ ಮಾಡಿದ್ದೇನೆ. ಸಾಹೇಬರು ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿಸುತ್ತಿದ್ದರು. ನಾನು ಹೊರಗೆ ಹೋಗುವಂತಿರಲಿಲ್ಲ. ಆವತ್ತು ರಾತ್ರಿ ಊಟ ಸೇರುತ್ತಿರಲಿಲ್ಲ.

ಈಗ ಕೊನೆಯ ಪುಟಗಳ ವಿಷಯಕ್ಕೆ ಬರುತ್ತೇನೆ.

‘ದಿ ರೇನ್‌ಮೇಕರ್’ ನನಗೆ ಧಾರವಾಡದ ಹಳೇ ಪುಸ್ತಕದ ಅಂಗಡಿಯಲ್ಲಿ 40 ರೂಪಾಯಿಗೆ ಸಿಕ್ಕಿತು. ಕೋರ್ಟಿನ ಇಂಗ್ಲಿಷ್ ಬಿಟ್ಟರೆ ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ಹತ್ತು ದಿನದಲ್ಲಿ ಮುಗಿಸಿದೆ. ಬಡ ತಾಯಿಯ ಮಗನಿಗೆ ರಕ್ತದ ಕ್ಯಾನ್ಸರ್. ಅವಳಿ ತಮ್ಮನ ಅಸ್ಥಿಮಜ್ಜೆ ಹೊಂದುತ್ತದೆ, ಆದರೆ ವಿಮಾ ಕಂಪನಿ ದುಡ್ಡು ಕೊಡುವುದಿಲ್ಲ. ಎಂಟು ಸಲ ಇಲ್ಲ ಎನ್ನುತ್ತದೆ. ಎಂಟನೇ ಪತ್ರದಲ್ಲಿ ಆ ತಾಯಿಯನ್ನೇ ದಡ್ಡಿ ಎಂದು ಬೈದಿರುತ್ತಾರೆ. ಆಗಷ್ಟೇ ವಕೀಲಿಯ ಸನದು ಸಿಕ್ಕ ಹುಡುಗ ಕೇಸು ನಡೆಸುತ್ತಾನೆ. ಮಗ ಸಾಯುತ್ತಾನೆ. ಜ್ಯೂರಿ 5 ಕೋಟಿ ಡಾಲರ್ ದಂಡ ಹಾಕುತ್ತದೆ. ಆಮೇಲೆ ಕಂಪನಿ ದಿವಾಳಿ ಎದ್ದು ಯಾರಿಗೂ ಚಿಕ್ಕಾಸು ಸಿಗುವುದಿಲ್ಲ.

ನಿಮ್ಮ ಓದುಗರಿಗೆ ಸಪ್ಪೆ ಎನಿಸಿದ್ದು ಇದೇ. ಈ ಕಥೆಯನ್ನು ನಾನು ನಮ್ಮ ಪಕ್ಕದ ಮನೆಯವರಿಗೆ ಹೇಳುತ್ತಾ ಹೋದೆ, ಸಂಜೆ ಒಂದೊಂದಿಷ್ಟು. ಮುಗಿದ ದಿನ ಅವರು ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದರು: ‘ಗೆದ್ರೂ ರೊಕ್ಕ ಬರ್ಲಿಲ್ಲೇನ್ರಿ ಅಕ್ಕಾರ? ಹಂಗಾದ್ರ ಇದು ನಮ್ಮ ಕಡೀ ಕಥೀನ ಬಿಡ್ರಿ.’

ಅವರು ಹಾಗೆ ಹೇಳಲು ಕಾರಣವಿದೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿಗೆ ಹೊಲ ಕೊಟ್ಟವರ ಮನೆ ಅವರದು. ನನ್ನ ತವರೂ ಅಷ್ಟೇ. ಹೊಲಕ್ಕೆ ಕೊಟ್ಟ ಬೆಲೆ ಸಾಲದು ಎಂದರೆ 1894ರ ಭೂಸ್ವಾಧೀನ ಕಾಯ್ದೆಯ 18ನೇ ಕಲಮಿನ ಪ್ರಕಾರ ಕೋರ್ಟಿಗೆ ಹೋಗಬಹುದಿತ್ತು. ಅಣ್ಣ ಹೋದ. (ನಾನು ಕೆಲಸ ಮಾಡುವ ಕೋರ್ಟಿನಲ್ಲಿ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ.) ಗೆದ್ದ. ಎದುರು ಕಡೆಯವರು ಅಪೀಲು ಹೋದರು. 2008ರಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬರುವವರೆಗೆ ಅಪೀಲು ಎಂದರೆ ಬೆಂಗಳೂರು, ರಾತ್ರಿ ಬಸ್ಸು, ಬುತ್ತಿ ಗಂಟು. ಅಲ್ಲೂ ಗೆದ್ದ. ದುಡ್ಡು ಮಾತ್ರ ಬರಲಿಲ್ಲ. ಆಗ ಶುರುವಾಗಿದ್ದು ಅಮಲ್ಜಾರಿ ಅರ್ಜಿ, ಕೋರ್ಟಿನವರ ಬಾಯಲ್ಲಿ ಇಪಿ. ಡಿಕ್ರಿ, ಅಂದರೆ ಇಷ್ಟು ಕೊಡಬೇಕು ಎಂಬ ಕೋರ್ಟಿನ ಆದೇಶ, ಬಂದ ಮೇಲೆ ಅದನ್ನು ವಸೂಲು ಮಾಡಿಕೊಡಿ ಎಂದು ಮತ್ತೆ ಕೋರ್ಟಿಗೇ ಹಾಕುವ ಅರ್ಜಿ ಅದು. ಕೊನೆಗೆ ಕೋರ್ಟಿನ ಬೇಲಿಫ್ ಎದುರು ಕಡೆಯವರ ಒಂದು ಕಚೇರಿಗೆ ಹೋಗಿ ಕುರ್ಚಿ, ಕಂಪ್ಯೂಟರು ಜಪ್ತಿ ಮಾಡಿ ಟೆಂಪೋಕ್ಕೆ ಹಾಕಿಸಿದರು. ಅಣ್ಣ ನನಗೆ ಫೋನ್ ಮಾಡಿದ. ‘ಹೊಲ ಹೋತು, ಈಗ ಆರು ಖುರ್ಚಿ ಬಂದಾವು ನೋಡವಾ’ ಅಂದ. ಸಂಜೆಯೊಳಗೆ ಅವೂ ವಾಪಸು ಹೋದವು, ಕಚೇರಿಯವರು ವಾಯಿದೆ ಕೇಳಿದ್ದರು. ದುಡ್ಡು ಬಂತು, ಬರಲಿಲ್ಲ ಅಂತಲ್ಲ. ಬರುವಾಗ ಅಪ್ಪ ಇರಲಿಲ್ಲ.

ತೀರ್ಪು ಬಂದ ದಿನ ಸಿನಿಮಾ ಮುಗಿಯುತ್ತದೆ, ಕೇಸು ಮುಗಿಯುವುದಿಲ್ಲ. ಹತ್ತು ವರ್ಷ ಕಕ್ಷಿದಾರರ ಮುಖ ನೋಡಿದವನಿಗಷ್ಟೇ ಅಂಥ ಕೊನೆ ಬರೆಯಲು ಬರುತ್ತದೆ. ಅದನ್ನು ಸಪ್ಪೆ ಎಂದರೆ ನಾನು ಒಪ್ಪುವುದಿಲ್ಲ.

ಹಾಗಂತ ಎಲ್ಲವನ್ನೂ ಹೊಗಳುವವಳಲ್ಲ. ‘ದಿ ಫರ್ಮ್’ ಓದುವಾಗ ಕರೆಂಟು ಹೋದರೂ ಬಿಡದೆ ಮೊಬೈಲ್ ಬೆಳಕಿನಲ್ಲಿ ಓದಿದೆ. ಕೊನೆಯಲ್ಲಿ ನಾಯಕ ಫರ್ಮಿನ ದುಡ್ಡನ್ನೇ ಎತ್ತಿಕೊಂಡು ದ್ವೀಪಗಳ ಕಡೆ ಓಡಿಹೋದಾಗ ಸಿಟ್ಟು ಬಂತು. ಸಪ್ಪೆ ಎನ್ನುವುದಾದರೆ ಅದನ್ನು ಎನ್ನಿ. ಇನ್ನು ಹೆಂಗಸರು. ‘ದಿ ಪೆಲಿಕನ್ ಬ್ರೀಫ್’ನ ಕಾನೂನು ವಿದ್ಯಾರ್ಥಿನಿಗೆ ಒಳ್ಳೆ ತಲೆ ಇದೆ, ನಿಜ. ನಾನು ಓದಿದ ಉಳಿದವುಗಳಲ್ಲಿ ಅವರು ಹೆದರುತ್ತಾರೆ, ಅಳುತ್ತಾರೆ, ನಾಯಕನಿಗಾಗಿ ಕಾಯುತ್ತಾರೆ. ಗಂಡನಿಂದ ಹೊಡೆಸಿಕೊಂಡ ಎಷ್ಟೋ ಹೆಣ್ಣುಮಕ್ಕಳು ಕಟಕಟೆಯಲ್ಲಿ ನಿಂತು ಮಾತಾಡಿದ್ದನ್ನು ನಾನು ಟೈಪ್ ಮಾಡಿದ್ದೇನೆ. ‘ರೇನ್‌ಮೇಕರ್’ನಲ್ಲೂ ಅಂಥ ಹುಡುಗಿ ಇದ್ದಾಳೆ, ಆದರೆ ಪ್ರೇಮಕ್ಕೆ ಒಬ್ಬಳು ಬೇಕಿತ್ತು ಎಂದು ಸುಮ್ನೆ ತಂದು ಕೂರಿಸಿದ ಹಾಗಿದೆ.

ಜಗಳದಲ್ಲಿ ಯಾರೂ ಹೆಸರೆತ್ತದ ಪುಸ್ತಕ ಒಂದಿದೆ, 2001ರ ‘ಎ ಪೇಂಟೆಡ್ ಹೌಸ್’. ಇದರಲ್ಲಿ ವಕೀಲನೂ ಇಲ್ಲ, ಕೋರ್ಟೂ ಇಲ್ಲ. 1952ರ ಅರ್ಕನ್ಸಾ, ಹತ್ತಿ ಹೊಲ, ಏಳು ವರ್ಷದ ಹುಡುಗ. ಹತ್ತಿ ಬಿಡಿಸಲು ಬೆಟ್ಟದ ಕಡೆಯವರು ಬರುತ್ತಾರೆ, ಮೆಕ್ಸಿಕೋದವರು ಬರುತ್ತಾರೆ. ತೂಕದ ಮೇಲೆ ಕೂಲಿ. ಸಂಜೆ ರೇಡಿಯೊದಲ್ಲಿ ಬೇಸ್‌ಬಾಲ್ ಕಾಮೆಂಟರಿ. ನಾನು ಹುಡುಗಿಯಾಗಿದ್ದಾಗ ಸೂಟಿಯಲ್ಲಿ ಹತ್ತಿ ಬಿಡಿಸಿದವಳು. ಒಣಗಿದ ಕಾಯಿಯ ಚೂಪು ಉಗುರಿನ ಸಂದಿಗೆ ಚುಚ್ಚುವುದು, ಉಡಿ ತುಂಬಿದಂತೆ ನಡ ಎಳೆಯುವುದು, ತೂಕದ ಹೊತ್ತಿಗೆ ಗೌಡರ ಕಣ್ಣು ಎಲ್ಲಿರುತ್ತದೆ ಎಂದು ನೋಡುವುದು, ಎಲ್ಲಾ ಗೊತ್ತು. ಆ ಹುಡುಗ ಹತ್ತಿ ಬಿಡಿಸಿ ಕೂಡಿಟ್ಟ ದುಡ್ಡಲ್ಲಿ, ಎಂದೂ ಬಣ್ಣ ಕಾಣದ ಮನೆಗೆ ಬಣ್ಣ ತಂದು ಹಚ್ಚುತ್ತಾನೆ. ಅತ್ತ ಪ್ರವಾಹ ಬಂದು ಹತ್ತಿ ಹೋಗುತ್ತದೆ. ಅಪ್ಪ ಅಮ್ಮ ಅವನನ್ನು ಕರೆದುಕೊಂಡು ಕಾರು ಕಾರ್ಖಾನೆಯ ಕೆಲಸ ಹುಡುಕಿ ಉತ್ತರಕ್ಕೆ ಹೊರಡುತ್ತಾರೆ.

ಮನೆ ಬಿಡಬೇಕು ಎಂದು ನೋಟಿಸು ಬಂದ ವರ್ಷವೂ ನಮ್ಮ ಅವ್ವ ದೀಪಾವಳಿಗೆ ಗೋಡೆಗೆ ಸುಣ್ಣ ಹಚ್ಚಿದಳು. ‘ಯಾರಿಗೆ ಹಚ್ಚಾಕತ್ತಿ, ಮೀನಿಗೇನು’ ಎಂದು ಅಣ್ಣ ಬೈದ. ಅವಳು ನೀಲಿ ಇನ್ನೊಂದಿಷ್ಟು ಕಲಸು ಎಂದಳು.

ವಿಜಯಪುರದ ಹುಡುಗಿಗೆ ‘ಎ ಪೇಂಟೆಡ್ ಹೌಸ್’ ಬೇಕಿದ್ದರೆ ನಿಮ್ಮ ಕಚೇರಿಗೆ ಕಳಿಸಿಕೊಡುತ್ತೇನೆ, ಅವಳಿಗೆ ಮುಟ್ಟಿಸಿ. ಮೊದಲ ಹಾಳೆಗಳನ್ನು ಸ್ವಲ್ಪ ಗೆದ್ದಲು ತಿಂದಿದೆ. ಓದಲು ತೊಂದರೆ ಇಲ್ಲ. ಓದಿ ವಾಪಸು ಕೊಡಬೇಕು.

– ನಿವೃತ್ತ ಬೆರಳಚ್ಚುಗಾರ್ತಿ, ನವನಗರ, ಬಾಗಲಕೋಟೆ