ಕೇಳಿಸಲಿಲ್ಲ ಅಂದವರಿಗೆ ಥ್ಯಾಂಕ್ಸ್

ಎರಡು ವರ್ಷದ ಹಿಂದೆ ನಮ್ಮನೆಯವಳಿಗೆ ಕಿವಿ ಮಂದವಾಗಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಏನು ಹೇಳಿದರೂ 'ಆಂ?' ಅನ್ನುತ್ತಿದ್ದಳು. ಕಾಫಿ ಕೇಳಿದರೆ 'ಆಂ?' ಕನ್ನಡಕ ಎಲ್ಲಿ ಅಂದರೆ 'ಏನ್ರೀ?' ವಯಸ್ಸಾಯಿತಲ್ಲ, ಪಾಪ ಅಂದುಕೊಂಡೆ. ಒಂದು ದಿನ ಹೇಗೋ ಒಪ್ಪಿಸಿ, ಆಟೋದಲ್ಲಿ ಕೂರಿಸಿಕೊಂಡು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. ಮೈಸೂರಿನವರ ಬಾಯಲ್ಲಿ ಅದು 'ಸ್ಪೀಚ್ ಅಂಡ್ ಹಿಯರಿಂಗ್'.

ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ ಪರೀಕ್ಷೆ ಮಾಡಿದರು. ರಿಪೋರ್ಟ್ ಹಿಡಿದು ಬಂದ ಹುಡುಗ 'ಅಮ್ಮನ ಕಿವಿ ಚೆನ್ನಾಗಿದೆ ಸಾರ್' ಅಂದ. ಮತ್ತೆ ಯಾಕಪ್ಪಾ ಹೀಗೆ ಅಂತ ನಾನು ಕೇಳಿದೆ. ಅವನೂ 'ಆಂ?' ಅಂತ ಮುಂದಕ್ಕೆ ಬಾಗಿದ. ಇನ್ನೊಮ್ಮೆ ಹೇಳಿದೆ. ಅವನು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. 'ಸಾರ್, ನಿಮಗೆ ಏನಾದ್ರೂ ಟ್ರೀಟ್‌ಮೆಂಟ್ ನಡೀತಿದ್ಯಾ?'

ನಡೆಯುತ್ತಿತ್ತು. ಪಾರ್ಕಿನ್ಸನ್ ಕಾಯಿಲೆಗೆ ಆಗಲೇ ನಾಲ್ಕು ವರ್ಷದಿಂದ ಮಾತ್ರೆ ನುಂಗುತ್ತಿದ್ದೆ. ಕೈ ನಡುಗುತ್ತದೆ, ಕಾಲು ಎಳೆಯುತ್ತದೆ, ಅದು ಗೊತ್ತಿತ್ತು. ದನಿಯೂ ಅದರ ಲೆಕ್ಕಕ್ಕೇ ಸೇರಿದ್ದು ಅಂತ ನನಗೆ ಹೊಳೆದೇ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಇವಳು ಎಲ್ಲ ಕೇಳಿಸಿಕೊಂಡು ನಕ್ಕಳು. ಆಮೇಲೆ ಆಟೋದಲ್ಲಿ ಅತ್ತಳು. ಮೊದಲ ಥ್ಯಾಂಕ್ಸ್ ಅವಳಿಗೆ. ತಪ್ಪಿಲ್ಲದ ಕಿವಿಗೆ ಪರೀಕ್ಷೆ ಮಾಡಿಸಿಕೊಂಡಿದ್ದಕ್ಕೆ.

ಮೊನ್ನೆ ಆಯುಧಪೂಜೆಗೆ ಹಳೇ ಡಿಪೋದವರು ಕರೆದಿದ್ದರು. ಬಸ್ಸುಗಳಿಗೆಲ್ಲ ಬಾಳೆಕಂದು, ಸೇವಂತಿಗೆ ಹಾರ. ಬೂದುಗುಂಬಳ ಒಡೆದ ಮೇಲೆ ಮೊದಲ ಬಸ್ಸಿಗೆ 'ರೈಟ್' ಹೇಳೋಕೆ ನನ್ನನ್ನೇ ಬಾಗಿಲ ಹತ್ತಿರ ನಿಲ್ಲಿಸಿದರು. ಹೇಳಿದೆ. ಡ್ರೈವರ್ ಸೀಟಿನಲ್ಲಿದ್ದ ಹುಡುಗ ತಿರುಗಿ ನೋಡದೆಯೇ ಗಾಡಿ ಬಿಟ್ಟ. ಅವನಿಗೆ ಅದರಲ್ಲಿ ವಿಶೇಷ ಏನೂ ಇರಲಿಲ್ಲ. ನನಗೆ ಮಾತ್ರ ಕಣ್ಣು ತುಂಬಿತು. ಅವತ್ತು ರಾತ್ರಿಯಿಂದ ಈ ಬರಹ ಬರೆಯಬೇಕು ಅಂತ ಅನ್ನಿಸುತ್ತಲೇ ಇದೆ. ಬರೆಯುತ್ತಿರುವುದು ಮಗ, ಹೇಳುತ್ತಿರುವುದು ನಾನು. ಅವನಿಗೆ ಕೇಳಿಸುತ್ತಿದೆ.

ನಾನು ಮೂವತ್ತೊಂದು ವರ್ಷ ಕಂಡಕ್ಟರ್ ಆಗಿದ್ದೆ. ಹೆಚ್ಚಿನ ವರ್ಷ ಸಿಟಿ ಬಸ್ಸೇ. ಚಾಮುಂಡಿ ಬೆಟ್ಟದ 201, ಬೋಗಾದಿ, ಕುವೆಂಪುನಗರ, ಎಲ್ಲ ರೂಟೂ ಮಾಡಿದ್ದೇನೆ. ಬೋಗಾದಿ ಕಡೆ ಹೋಗುವಾಗ 'ಸ್ಪೀಚ್ ಅಂಡ್ ಹಿಯರಿಂಗ್ ಯಾರ್ ಇಳೀತೀರಾ' ಅಂತ ಕೂಗುತ್ತಿದ್ದೆ. ಕಂಕುಳಲ್ಲಿ ಮಗು, ಮಗುವಿನ ಕಿವಿಯಲ್ಲಿ ಮಷಿನ್, ಕೈಯಲ್ಲಿ ಫೈಲು. ಹಾಗೆ ಇಳಿದ ತಾಯಂದಿರಿಗೆ ಲೆಕ್ಕವಿಲ್ಲ. ದೂರದ ಊರುಗಳಿಂದ ಬಂದವರು, ಸ್ಟಾಪ್ ಬಂದಾಗ ಹೇಳಿ ಅಂತ ಹತ್ತುವಾಗಲೇ ಕೇಳಿಕೊಳ್ಳುತ್ತಿದ್ದರು. ಆ ಸ್ಟಾಪಿನಲ್ಲಿ ನಾನೇ ಫೈಲು ಹಿಡಿದು ಇಳಿಯುತ್ತೇನೆ ಅಂತ ಅಂದುಕೊಂಡವನಲ್ಲ.

ಕಾಯಿಲೆ ಶುರುವಾಗಿದ್ದು ರಿಟೈರ್ ಆಗುವ ಮುಂಚೆಯೇ ಇರಬೇಕು. ಬಲಭುಜ ಬಿಗಿಯುತ್ತಿತ್ತು. ಒಬ್ಬ ಡಾಕ್ಟರು ಫ್ರೋಜನ್ ಶೋಲ್ಡರ್ ಅಂತ ಎಂಟು ತಿಂಗಳು ಶಾಖ ಕೊಡಿಸಿದರು. ಅವರನ್ನು ದೂರಲಾರೆ, ಎಷ್ಟೋ ಜನರಿಗೆ ಇದು ಮೊದಲು ಭುಜದ ನೋವಾಗಿಯೇ ಬರುತ್ತದಂತೆ. ಅಕ್ಷರವೂ ಚಿಕ್ಕದಾಗುತ್ತಿತ್ತು. ಆದರೆ ಅಷ್ಟರಲ್ಲಿ ಟಿಕೆಟ್ ಮಷಿನ್ ಬಂದಿತ್ತು. ಮೊದಲಿನ ಹಾಗೆ ವೇಬಿಲ್ ತುಂಬುವುದು, ಟಿಕೆಟ್ ಹಿಂದೆ ಚಿಲ್ಲರೆ ಬಾಕಿ ಬರೆದುಕೊಡುವುದು ಕಮ್ಮಿಯಾಗಿತ್ತು. ನನ್ನ ಬರಹ ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಕೊನೆಗೆ ಕಂಡುಹಿಡಿದದ್ದು ಬ್ಯಾಂಕು! ಸಹಿ ಹೊಂದುವುದಿಲ್ಲ ಅಂತ ಚೆಕ್ ವಾಪಸ್ ಮಾಡಿದರು. ಜಗಳ ಆಡಿ ಬಂದೆ. ಮನೆಗೆ ಬಂದು ಹಳೇ ಸಹಿ ಪಕ್ಕ ಹೊಸದನ್ನು ಇಟ್ಟು ನೋಡಿದರೆ, ಹೊಸದು ಇರುವೆ ಸಾಲಿನ ಹಾಗಿತ್ತು.

ಮಿದುಳಿನ ಒಂದು ಮೂಲೆಯಲ್ಲಿ ಡೋಪಮಿನ್ ಅನ್ನುವ ರಾಸಾಯನಿಕ ತಯಾರಿಸುವ ಕೋಶಗಳು ಸಾಯುತ್ತಾ ಹೋಗುತ್ತವೆ, ಅದೇ ಈ ಕಾಯಿಲೆ. 1817ರಲ್ಲಿ ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ ಆರು ಜನರನ್ನು ನೋಡಿ ಇದರ ಬಗ್ಗೆ ಬರೆದರು. ಆ ಆರರಲ್ಲಿ ಕೆಲವರು ಅವರಿಗೆ ಕಂಡದ್ದು ಬೀದಿಯಲ್ಲಿ. ಇದನ್ನು ಓದಿದಾಗ ನನಗೆ ಖುಷಿಯಾಯಿತು. ನಾವೂ ಬಸ್ ಹತ್ತುವವರ ನಡಿಗೆ ನೋಡಿಯೇ ಇವರಿಗೆ ಸೀಟು ಬೇಕು ಅಂತ ಹೇಳುತ್ತಿದ್ದೆವಲ್ಲ.

ಈ ಕಾಯಿಲೆಯಲ್ಲಿ ಎಲ್ಲವೂ ಚಿಕ್ಕದಾಗುತ್ತದೆ. ಹೆಜ್ಜೆ, ಅಕ್ಷರ, ಮುಖದ ನಗು, ದನಿ. ಕಷ್ಟ ಏನಪ್ಪಾ ಅಂದರೆ, ಚಿಕ್ಕದಾಗಿದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ. ಒಳಗಿನ ಅಳತೆಯೇ ತಪ್ಪಿರುತ್ತದೆ. ನಾನು ಮಾಮೂಲಿನಂತೆ ಮಾತಾಡುತ್ತಿದ್ದೇನೆ ಅಂತಲೇ ನನ್ನ ಲೆಕ್ಕ. ಎದುರಿನವರಿಗೆ ಬರೀ ಗಾಳಿ. ಅಂಗಡಿಯಲ್ಲಿ ಅರ್ಧ ಕೇಜಿ ಕೇಳಿದರೆ ಎರಡು ಕೇಜಿ ಕಟ್ಟುತ್ತಿದ್ದರು. ಫೋನ್ ಎತ್ತಿದವರು 'ಹಲೋ ಹಲೋ' ಅಂದು ಇಟ್ಟುಬಿಡುತ್ತಿದ್ದರು. ಮೊಮ್ಮಗಳು ಒಂದು ದಿನ ನನ್ನ ಮುಖ ನೋಡಿ 'ತಾತ, ನನ್ಮೇಲೆ ಕೋಪನಾ?' ಅಂದಳು. ನಾನಾಗ ಅವಳ ಡ್ಯಾನ್ಸ್ ನೋಡಿ ನಗುತ್ತಿದ್ದೆ. ನಗುತ್ತಿದ್ದೇನೆ ಅಂದುಕೊಂಡಿದ್ದೆ.

ಸ್ಪೀಚ್ ಥೆರಪಿಗೆ ಸಿಕ್ಕಿದ್ದು ಆ ಸ್ಪೀಚ್ ಅಂಡ್ ಹಿಯರಿಂಗ್‌ನಲ್ಲೇ ಓದುತ್ತಿದ್ದ ಕೇರಳದ ಹುಡುಗಿ. ಹಿಂದೆ ಅವಳ ಮೇಡಂ ಕೂತು ನೋಡುತ್ತಿದ್ದರು. ಹುಡುಗಿಗೆ ಕನ್ನಡ ಅಷ್ಟಕ್ಕಷ್ಟೆ. ಮೊದಲ ದಿನ ನನಗೆ ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕಲ್ಲ. ಆಮೇಲೆ ಅದೇ ವರವಾಯಿತು. ನಮ್ಮವರಾದರೆ ನಾನು ನುಂಗಿದ ಅರ್ಧ ಮಾತನ್ನು ಊಹೆ ಮಾಡಿ ತುಂಬಿಕೊಳ್ಳುತ್ತಾರೆ. ಅವಳಿಗೆ ಊಹಿಸಲು ಬರುತ್ತಿರಲಿಲ್ಲ. ಪೂರ್ತಿ ಹೇಳಲೇಬೇಕು, ಬಾಯಿ ತೆರೆದು ಹೇಳಲೇಬೇಕು.

ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದು ಗಂಟೆ, ನಾಲ್ಕು ವಾರ. ಒಟ್ಟು 16 ಸಲ. ಈ ಕ್ರಮಕ್ಕೆ ಲೀ ಸಿಲ್ವರ್‌ಮನ್ ಅನ್ನುವ ಅಮೆರಿಕದ ಹೆಂಗಸಿನ ಹೆಸರಿದೆ. ಆಕೆಗೂ ಪಾರ್ಕಿನ್ಸನ್ ಇತ್ತು. ಆಕೆಯ ಮಾತು ತಮಗೆ ಕೇಳಿಸಿದರೆ ಸಾಕು ಅನ್ನುವುದು ಮನೆಯವರ ಆಸೆ. ಅಲ್ಲಿಂದ ಹೊರಟದ್ದು, 1987ರಲ್ಲಿ ಲೊರೇನ್ ರಾಮಿಗ್ ಮತ್ತು ಅವರ ಜೊತೆಯವರ ಕೈಯಲ್ಲಿ ಒಂದು ಪದ್ಧತಿಯಾಯಿತು. ಡಾಕ್ಟರ ಹೆಸರಲ್ಲ, ಕಾಯಿಲೆಯವರ ಹೆಸರು. ಅದು ನನಗೆ ಬಹಳ ಹಿಡಿಸಿತು.

ಮಾಡಿಸುವುದು ಸುಲಭದ್ದೇ. ಉಸಿರು ತುಂಬಿಕೊಂಡು 'ಆ...' ಅಂತ ಎಳೆಯುವಷ್ಟು ಎಳೆಯಬೇಕು, ಗಟ್ಟಿ ದನಿಯಲ್ಲಿ. ಆಮೇಲೆ ದನಿ ಮೇಲಕ್ಕೆ, ಕೆಳಕ್ಕೆ. ಆಮೇಲೆ ದಿನಾ ಬಳಸುವ ಹತ್ತು ವಾಕ್ಯ. ಬಾಯಿಂದ ಒಂದಡಿ ದೂರದಲ್ಲಿ ಸದ್ದು ಅಳೆಯುವ ಮೀಟರ್. ಮೊದಲ ದಿನ ಮಾತಾಡಿದಾಗ 62 ಡೆಸಿಬಲ್ ತೋರಿಸಿತು. 'ಸಾರ್, ಇನ್ನೂ ಜೋರು' ಅಂದಳು. ಕಿರುಚಿದ ಹಾಗಾಗುತ್ತೆ ತಾಯಿ, ಪಕ್ಕದ ರೂಮಿನವರು ಏನಂದುಕೊಳ್ಳುತ್ತಾರೆ ಅಂದೆ. ಅವಳು ನನ್ನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿದಳು. ನಾನು ಕಿರುಚಿದ್ದೇನೆ ಅಂದುಕೊಂಡದ್ದು, ಕೇಳಿದರೆ ಒಬ್ಬ ಸಾಮಾನ್ಯ ಮನುಷ್ಯ ಮಾಮೂಲಾಗಿ ಮಾತಾಡುವ ಹಾಗಿತ್ತು. ಅವತ್ತು ನನಗೆ ಎಲ್ಲ ಅರ್ಥವಾಯಿತು.

ಹತ್ತು ವಾಕ್ಯ ನೀವೇ ಆರಿಸಿ ಅಂದಾಗ, ಕಾಫಿ ಕೊಡು, ಲೈಟ್ ಹಾಕು ಅಂತೆಲ್ಲ ಬರೆಸಿದೆ. ದನಿ ಏಳಲಿಲ್ಲ. ಮೇಡಂ ಹಿಂದಿನಿಂದ ಕೇಳಿದರು, 'ಏನ್ ಕೆಲಸ ಮಾಡ್ತಿದ್ರಿ ಸಾರ್?' ಹೇಳಿದೆ. ಪಟ್ಟಿ ಹರಿದುಹಾಕಿಸಿದರು. ಹೊಸ ಪಟ್ಟಿ ಹೀಗಿತ್ತು: ಹೋಲ್ಡಾನ್. ರೈಟ್ ರೈಟ್. ಒಳಗ್ ನಡೀರಿ ಒಳಗ್ ನಡೀರಿ. ಚಿಲ್ರೆ ಕೊಡಿ. ಯಾರ್ರೀ ಟಿಕೆಟ್. ಮೀಟರ್ 70 ದಾಟಿತು! ಹುಡುಗಿ ಚಪ್ಪಾಳೆ ತಟ್ಟಿದಳು. 'ಲಾಸ್ಟ್ ಸೀಟ್‌ಗೆ ಕೇಳ್ಬೇಕು ಸಾರ್' ಅನ್ನುವುದು ಆಮೇಲೆ ಅವಳ ಮಾತಾಯಿತು. ಈಗಲೂ ದನಿ ಇಳಿದಾಗ ನನ್ನ ಮಗ ಅದನ್ನೇ ಅವಳ ಮಲಯಾಳಂ ರಾಗದಲ್ಲಿ ಹೇಳುತ್ತಾನೆ. ಕೊನೆಯ ದಿನ ಬರೀ ಮಾತಿನಲ್ಲೇ 71 ಬಂತು. 62 ಎಲ್ಲಿ, 71 ಎಲ್ಲಿ, ಒಂಬತ್ತೇ ತಾನೇ ಅನ್ನಬೇಡಿ. ಡೆಸಿಬಲ್ ಲೆಕ್ಕ ಬೇರೆ. ಹತ್ತು ಏರಿದರೆ ಕಿವಿಗೆ ಸುಮಾರು ಎರಡರಷ್ಟು ಕೇಳಿಸುತ್ತದೆ.

ಫಿಸಿಯೋಥೆರಪಿಸ್ಟರಿಗೂ ಇಲ್ಲೇ ಕೈಮುಗಿಯುತ್ತೇನೆ. ನನ್ನ ಕಾಲು ಬಾಗಿಲಲ್ಲೇ ಅಂಟಿಕೊಳ್ಳುತ್ತಿತ್ತು. ನೆಲಕ್ಕೆ ಮೊಳೆ ಹೊಡೆದ ಹಾಗೆ. ಬಾಗಿಲಲ್ಲಿ ನಿಲ್ಲಬೇಡ್ರೀ ಅಂತ ಜೀವನವಿಡೀ ಊರಿಗೆಲ್ಲ ಬೈದವನಿಗೆ ಇದು ತಕ್ಕ ಶಾಸ್ತಿ ಅಂತ ಇವಳು ತಮಾಷೆ ಮಾಡುತ್ತಿದ್ದಳು. ಅವರು ಹೊಸ್ತಿಲ ಹತ್ತಿರ ನೆಲಕ್ಕೆ ಹಳದಿ ಟೇಪ್ ಪಟ್ಟಿ ಅಂಟಿಸಿದರು. ಗೆರೆ ದಾಟು ಅಂದರೆ ಕಾಲು ಏಳುತ್ತದೆ. ಟೇಪ್ ಇಲ್ಲದ ಕಡೆ ಏನು ಮಾಡೋದು? ದನಿ ಮಾಡಿಕೊಳ್ಳಿ ಅಂದರು, ಒಂದು ಎರಡು ಎಣಿಸಿ. ನಾನು ಎಣಿಸಲಿಲ್ಲ. 'ರೈಟ್' ಅಂದೆ. ಕಾಲು ಹೊರಟಿತು.

ಯಾಕೆ ಹೀಗೆ ಅಂತ ಅವರು ವಿವರಿಸಿದ್ದನ್ನು ನಾನು ದಸರಾ ಲೆಕ್ಕದಲ್ಲಿ ಅರ್ಥ ಮಾಡಿಕೊಂಡಿದ್ದೇನೆ. ಜಂಬೂಸವಾರಿ ದಿನ ಸಯ್ಯಾಜಿರಾವ್ ರಸ್ತೆ ಬಂದ್. ಬಸ್ಸೇನೂ ನಿಲ್ಲುವುದಿಲ್ಲ, ಡೈವರ್ಷನ್ ತೆಗೆದುಕೊಳ್ಳುತ್ತದೆ. ತಾನಾಗಿಯೇ ನಡೆಯುವ ದಾರಿ ಮಿದುಳಿನಲ್ಲಿ ಕೆಟ್ಟಿದೆ. ಹೊರಗಿನ ಗೆರೆ, ತಾಳ, ಕೂಗು ಸಿಕ್ಕರೆ ಇನ್ನೊಂದು ದಾರಿಯಲ್ಲಿ ಆಜ್ಞೆ ಹೋಗುತ್ತದೆ. ತಿರುಗುವಾಗಲೂ ನಿಂತಲ್ಲೇ ಗಿರಕಿ ಹೊಡೆಯಬಾರದು, ಬಸ್ ತಿರುಗಿಸಿದ ಹಾಗೆ ಅಗಲವಾಗಿ ಸುತ್ತು ಹಾಕಬೇಕು. ಮರೆತು ಎರಡು ಸಲ ಬಿದ್ದಿದ್ದೇನೆ.

ಊಟದ ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮಜ್ಜಿಗೆ ಕುಡಿದರೆ ಕೆಮ್ಮು ಬರುತ್ತಿತ್ತು. ನೆತ್ತಿ ಹತ್ತಿತು ಅಂತ ತಲೆ ತಟ್ಟಿ ಸುಮ್ಮನಾಗುತ್ತಿದ್ದೆವು. ನುಂಗುವ ಸ್ನಾಯುವೂ ನಿಧಾನವಾಗಿದೆ, ನೀರು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ ಅಂತ ಮೇಡಂ ಹೇಳಿದ ಮೇಲೆ ಗೊತ್ತಾಯಿತು. ನೆಟ್ಟಗೆ ಕೂತು, ಗದ್ದ ಸ್ವಲ್ಪ ತಗ್ಗಿಸಿ, ಚಿಕ್ಕ ಗುಟುಕು. ಇದು ನನಗೆ ಹೇಳಿದ್ದು, ನಿಮ್ಮ ಮನೆಯವರಿಗೆ ಬೇರೆ ಇರಬಹುದು, ತೋರಿಸಿಯೇ ಮಾಡಿ. ಮುದ್ದೆ ಬಿಡಬೇಕಾ ಅಂತ ಹೆದರಿದ್ದೆ. ಅಗಿಯದೆ ನುಂಗುವುದು ಅಂದಾಗ ಹುಡುಗಿ ಗಾಬರಿಯಾದಳು! ಮೇಡಂ ಮಂಡ್ಯದವರು. ಚಿಕ್ಕ ತುತ್ತು, ಸಾರು ಜಾಸ್ತಿ, ಒಂದು ತುತ್ತಿಗೆ ಎರಡು ಸಲ ನುಂಗಿ, ಟಿವಿ ಆಫ್ ಅಂತ ಒಪ್ಪಂದ ಮಾಡಿದರು. ಮಂಡ್ಯದ ಜನಕ್ಕೆ ಒಂದು ನಮಸ್ಕಾರ.

ಮಾತ್ರೆ ವಿಷಯಕ್ಕೆ ಇವಳೇ ಟೈಮ್‌ಕೀಪರ್. ಹಿತಕಿದ ಬೇಳೆ ಕಾಲದಲ್ಲಿ ಮಧ್ಯಾಹ್ನ ಮಾತ್ರೆ ಹಿಡಿಯುತ್ತಲೇ ಇರಲಿಲ್ಲ. ಕಾಳಿನ ಪ್ರೋಟೀನು, ಮಿದುಳಿನಲ್ಲಿ ಡೋಪಮಿನ್ ಆಗುವ ನನ್ನ ಲೆವೊಡೋಪ ಮಾತ್ರೆ, ಎರಡೂ ಒಂದೇ ಬಾಗಿಲಲ್ಲಿ ನುಗ್ಗುತ್ತವಂತೆ. ಈಗ ಊಟಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಮಾತ್ರೆ. ನೆಂಟರೊಬ್ಬರು ಪ್ರೀತಿಯಿಂದ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟಿದ್ದರು. ಅದರಲ್ಲೂ ಲೆವೊಡೋಪವೇ ಇದೆ, ಮಾತ್ರೆ ಜೊತೆ ಸೇರಿದರೆ ಅಳತೆ ಮೀರುತ್ತದೆ ಅಂತ ಡಾಕ್ಟರು ತೆಗೆಸಿದರು. ನೆಂಟರಿಗೂ ಥ್ಯಾಂಕ್ಸ್, ಪುಡಿ ಕಪಾಟಿನಲ್ಲಿದೆ.

ಕಾಯಿಲೆ ಹೋಗಿಲ್ಲ. ಮಾತ್ರೆಯ ಬಲ ಇಳಿಯುವ ಹೊತ್ತಿಗೆ ಸಂಜೆ ಐದಕ್ಕೆ ನಾನು ಬೇರೆಯೇ ಮನುಷ್ಯ. ಎರಡು ವಾರ ಅಭ್ಯಾಸ ಬಿಟ್ಟರೆ ದನಿ ಮತ್ತೆ ಗಂಟಲೊಳಗೆ ಇಳಿಯುತ್ತದೆ. ಹೋದ ಆಷಾಢದಲ್ಲಿ ಬಿಟ್ಟಿದ್ದೆ, ಮನಸ್ಸೇ ಇರಲಿಲ್ಲ. ಯಾರ ಜೊತೆಗೂ ಮಾತು ಬೇಡ ಅನ್ನಿಸಿತ್ತು. ಆ ತಿಂಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಹೇಳಬೇಕಾದದ್ದು ಇನ್ನೊಂದಿದೆ. ಆ ನಾಲ್ಕು ವರ್ಷ ನನ್ನ ಜೊತೆ ಮಾತಾಡಿದ ಎಷ್ಟೋ ಜನ ಒಳ್ಳೆಯವರು. ಕೇಳಿಸದಿದ್ದರೂ 'ಹೌದೌದು' ಅಂತ ತಲೆ ಆಡಿಸಿದರು. ನನಗೆ ನೋವಾಗದಿರಲಿ ಅಂತ. ನಾನು ನಂಬಿದೆ. ನನ್ನ ದನಿ ಸರಿಯಿದೆ ಅಂತಲೇ ಓಡಾಡಿದೆ. ನನ್ನನ್ನು ಥೆರಪಿವರೆಗೆ ತಂದವರು ಆ ಒಳ್ಳೆಯವರಲ್ಲ. 'ಏನ್ರೀ ಅದು, ಬಾಯ್ಬಿಟ್ಟು ಹೇಳಿ' ಅಂದ ತರಕಾರಿಯಮ್ಮ, 'ಯಜಮಾನ್ರೇ, ಕೇಳಿಸ್ತಿಲ್ಲ' ಅಂದ ಆಟೋದವನು, ದಿನಕ್ಕೆ ನಲವತ್ತು ಸಲ 'ಆಂ?' ಅಂದ ನನ್ನ ಹೆಂಡತಿ. ಅವರ ಮೇಲೆಲ್ಲ ನಾನು ರೇಗಿದ್ದೆ. ತರಕಾರಿಯಮ್ಮನಿಗೆ ಹೋದ ವಾರ ಹೋಗಿ ಕ್ಷಮೆ ಕೇಳಿದೆ. ಆಕೆಗೆ ನೆನಪೇ ಇರಲಿಲ್ಲ. 'ಕೊತ್ತಂಬ್ರಿ ಬೇಕಾ?' ಅಂದಳು.

ಕೇರಳದ ಹುಡುಗಿ ಓದು ಮುಗಿಸಿ ಊರಿಗೆ ಹೋದಳು. ತಿಂಗಳಿಗೊಮ್ಮೆ ವಿಡಿಯೋ ಕಾಲ್ ಮಾಡುತ್ತಾಳೆ. ಹಲೋ ಅನ್ನುವುದಿಲ್ಲ, 'ಹೋಲ್ಡಾನ್' ಅನ್ನುತ್ತಾಳೆ. ನಾನು 'ರೈಟ್' ಅನ್ನಬೇಕು, ಆಮೇಲೆ ಮಾತು. ಈಗ ಬೆಳಗ್ಗೆ ಏಳು ಗಂಟೆ, ನನ್ನ 'ಆ...' ಎಳೆಯುವ ಹೊತ್ತು. ಮೊನ್ನೆಯಿಂದ ಪಕ್ಕದ ಮನೆ ನಾಯಿಯೂ ನನ್ನ ಜೊತೆ ಶುರು ಮಾಡಿದೆ. ಇವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಾಳೆ, 'ಕೇಳಿಸ್ತು ಕಣ್ರೀ, ಬೀದಿಗೆಲ್ಲಾ ಕೇಳಿಸ್ತು.'