ಆ ಮಾತ್ರೆ ಬಿಡಬೇಡ ಮಗೂ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. "ವಸಡಿನಲ್ಲಿ ರಕ್ತ ಬರುತ್ತೆ ಅಂತ ನಾಲ್ಕು ದಿನದಿಂದ ಮಾತ್ರೆ ಬಿಟ್ಟಿದ್ದೇನೆ, ಹೃದಯದ ರಕ್ತನಾಳ ತೆರೆದಿಡಲು ಹಾಕಿದ ಸ್ಟೆಂಟ್ ಒಳ್ಳೆಯ ಲೋಹದ್ದು, ರಕ್ತ ಅಂಟಲ್ಲ" ಅಂತ ಬರೆದಿದ್ದೀಯ. ಆಮೇಲೆ ಏನು ಬರೆದಿದ್ದೆಯೋ ತಲೆಗೆ ಹೋಗಲಿಲ್ಲ.

ಅಂಟದ ಲೋಹವನ್ನು ನಾನು ನೋಡಿಲ್ಲ. ಲ್ಯಾಬ್‌ಗೆ ಸೇರಿದ ಹೊಸದರಲ್ಲಿ ಲೋಹದ ಪಟ್ಟಿಗಳನ್ನು ರಕ್ತದಲ್ಲಿ ಅದ್ದಿ ನೋಡುವುದೇ ನನ್ನ ಕೆಲಸವಾಗಿತ್ತು. ಪ್ಲಾಟಿನಂ ಪಟ್ಟಿ ಫಳಫಳ ಹೊಳೆಯುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಎತ್ತಿದರೆ ಅಂಚಿಗೆ ಕೆಂಪು ಲೋಳೆ, ಚಿಮಟದಲ್ಲಿ ಎಳೆದರೆ ನೂಲಿನ ಹಾಗೆ ಬರುತ್ತಿತ್ತು. ಮೆಗ್ನೀಸಿಯಂಗೆ ಅಷ್ಟು ಅಂಟುತ್ತಿರಲಿಲ್ಲ, ಆದರೆ ಗುಳ್ಳೆ ಬಿಡುತ್ತಾ ಅದೇ ಕರಗಿಹೋಗುತ್ತಿತ್ತು. ರಕ್ತನಾಳದ ಒಳಗೋಡೆಗೂ ರಕ್ತಕಣಕ್ಕೂ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಪ್ಲಾಟಿನಂನ ಹಾಗೆ ಧನ ವಿದ್ಯುದಂಶದ ಕಡೆ ವಾಲಿದ ಲೋಹದ ಮೇಲೆ ಕಣಗಳು ಬಂದು ಕೂರುತ್ತವೆ. ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಾಲ್ಟರ್ ಬ್ರಾಟೆನ್ ಕೂಡ ಶಸ್ತ್ರವೈದ್ಯ ಫಿಲಿಪ್ ಸಾಯರ್ ಅವರ ಜೊತೆ ಸೇರಿ 1964ರಲ್ಲಿ ಇದರ ಬಗ್ಗೆ ಬರೆದಿದ್ದರು. ಹಾಗಂತ ಋಣವಾದರೆ ಸಾಕು ಅಂದುಕೊಳ್ಳಬೇಡ. ಗಾಜಿನ ಮೈ ಋಣವೇ, ಅದರಲ್ಲೂ ರಕ್ತ ಬೇಗ ಹೆಪ್ಪುಗಟ್ಟುತ್ತದೆ.

ಸ್ಟೆಂಟ್ ಹಾಕಿಸಿ ಎರಡು ತಿಂಗಳೂ ಆಗಿಲ್ಲ, ಅಲ್ವಾ? ರಕ್ತನಾಳದ ಪೊರೆ ಬೆಳೆದು ಆ ಲೋಹವನ್ನು ಮುಚ್ಚಬೇಕು. ನಿನ್ನದು ಔಷಧಿ ಲೇಪಿಸಿದ ಸ್ಟೆಂಟ್, ಆ ಔಷಧಿ ಪೊರೆ ಬೆಳೆಯುವುದನ್ನೂ ನಿಧಾನ ಮಾಡುತ್ತದೆ. ಅಲ್ಲಿಯವರೆಗೆ ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ತಡೆಯುವುದು ಆ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮಾತ್ರೆಗಳೇ. ನಾಲ್ಕು ದಿನ ಮಗೂ!

ನಿನ್ನ ಚಿಕ್ಕಪ್ಪನ ವಿಷಯ ಮತ್ತೆ ಬರೆಯುವುದಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ್ದು ಒಂದಿದೆ. ಮಾತ್ರೆ ನಿಲ್ಲಿಸಿದ್ದನ್ನು ಅವನು ನನಗೆ ಹೇಳಿದ್ದ. "ಚೆನ್ನಾಗೇ ಇದ್ದೀನಲ್ಲ ಅಣ್ಣಾ" ಅಂದ. ವರ್ಷಗಟ್ಟಲೆ ಹೆಪ್ಪನ್ನೇ ನೋಡಿದವನು ನಾನು, ಸುಮ್ನೆ ತಲೆಯಾಡಿಸಿದೆ. ಡಾಕ್ಟರನ್ನು ಕೇಳು ಅಂತ ಒಂದು ಮಾತು ಬಾಯಿಂದ ಬರಲಿಲ್ಲ.

ನಾನು ಡಾಕ್ಟರಲ್ಲ, ಜಾಸ್ತಿ ಹೇಳಿದರೆ ಕ್ಷಮಿಸು. ಈಗಲೇ ನಿನ್ನ ಡಾಕ್ಟರಿಗೆ ಫೋನ್ ಮಾಡು, ನಾಲ್ಕು ದಿನ ಅಂತ ಮುಚ್ಚಿಡದೆ ಹೇಳು. ಹೇಗೆ ಶುರು ಮಾಡಬೇಕು ಅಂತ ಅವರೇ ಹೇಳಲಿ. ಮೆತ್ತನೆಯ ಬ್ರಷ್ ತಗೋ. ವಸಡಿನ ರಕ್ತದ ವಿಷಯವನ್ನೂ ಹೇಳು, ಅದಕ್ಕೂ ದಾರಿ ಇರುತ್ತದೆ. ಎದೆ ಬಿಗಿದರೆ ಮಾತ್ರ ಯಾರನ್ನೂ ಕೇಳುತ್ತಾ ಕೂರಬೇಡ, ಆಸ್ಪತ್ರೆಗೆ ಹೋಗು.

ಡಾಕ್ಟರ್ ಏನಂದರು ಅಂತ ಇವತ್ತೇ ತಿಳಿಸು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ