ರನ್ ಅಂದ್ರೆ ಬರೀ ಓಡೋದಾ?

ಮಾನ್ಯ ಸಂಪಾದಕರೇ,

ನಮ್ಮ ಕಡೆ ಹೈಸ್ಕೂಲಲ್ಲಿ ಇಂಗ್ಲಿಷ್ ಅಂದ್ರೆ ಇನ್ನೂ ಎಡಗಡೆ ಶಬ್ದ, ಬಲಗಡೆ ಅರ್ಥ, ಬಾಯಿಪಾಠ, ಮುಗೀತು. ಮಗಳ ನೋಟ್ಸಲ್ಲಿ ರನ್ ಅಂದ್ರೆ ಓಡು ಅಂತ ಒಂದೇ ಅರ್ಥ, ಹಂಗಾಗಿ ನೆಗಡಿಯಾದವನ ಮೂಗು ಓಡ್ತಾ ಇದೆ ಅಂತ ಬರೆದಿದಾಳೆ, ಅವಳಿಗೆ ಬೈದು ಏನು ಪ್ರಯೋಜನ. ಮೂಗು ಸೋರೋದು, ಶಿರಸಿ-ಕುಮಟಾ ಬಸ್ಸು ಬಿಡೋದು, ಅಂಗಡಿ ನಡೆಸೋದು, ತೊಳೆದ ಸೀರೆ ಬಣ್ಣ ಬಿಡೋದು ಎಲ್ಲಾ ಇಂಗ್ಲಿಷಿಗೆ ರನ್ನೇ. ಎಲೆಕ್ಷನ್ನಿಗೆ ಅಮೆರಿಕದವರು ಓಡ್ತಾರೆ, ಇಂಗ್ಲೆಂಡಿನವರು ನಮ್ಮ ಹಾಗೇ ನಿಲ್ತಾರೆ! 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಲಿ ಸೆಟ್ ಅನ್ನೋ ಕ್ರಿಯಾಪದಕ್ಕೆ 430 ಅರ್ಥ ಇತ್ತು, ಆಮೇಲಿನ ಪರಿಷ್ಕರಣೆಲಿ ರನ್ ಅದನ್ನ ದಾಟಿ 645ಕ್ಕೆ ಹೋಯ್ತು.

645ನ್ನೂ ಉರು ಹೊಡೆಸಿ ಅಂತಲ್ಲ ಮಾರಾಯ್ರೆ. ನಮ್ಮ 'ಹೊಡೆ'ಯಿಂದ ಶುರು ಮಾಡ್ಲಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ ಬರಬಾರ್ದು ಅಂತ ಮೈಲುತುತ್ತ, ಸುಣ್ಣ ಕಲಸಿ ಮದ್ದು ಹೊಡಿತೀವಿ, ಮರದ ಮೇಲಿದ್ದವ ಅಡಿಕೆ ಗೊನೆಗೆ ಹೊಡೆದ್ರೆ ಕೆಳಗಿದ್ದವನ ಅಂಗಿ ಎಲ್ಲಾ ನೀಲಿ, ಅದೇ ಜನ ಉಂಡು ನಿದ್ದೆ ಹೊಡಿತಾರೆ, ಸಂಜೆ ಹರಟೆ ಹೊಡಿತಾರೆ, ಯಾರಿಗೂ ಏಟು ಬೀಳಲ್ಲ. ತೋಟದ ಮನೆ ಮಕ್ಕಳಿಗೆ ಇದನ್ನ ವಿವರಿಸ್ಬೇಕಾ? ಪಕ್ಕದ ಶಬ್ದ ನೋಡಿ ಅರ್ಥ ಹಿಡಿಯೋದು ಅವಕ್ಕೆ ಗೊತ್ತೇ ಇದೆ. ಶಿಕ್ಷಣ ಇಲಾಖೆಯವ್ರು ಪರೀಕ್ಷೆಲಿ ಒಂಟಿ ಶಬ್ದದ ಅರ್ಥ ಕೇಳೋದು ಬಿಟ್ಟು ಪೂರ್ತಿ ವಾಕ್ಯ ಕೊಟ್ಟು ಕೇಳ್ಲಿ, ಕ್ಲಾಸಲ್ಲೂ ಹಾಗೇ ಕಲಿಸ್ತಾರೆ.

– ಒಬ್ಬ ಪಾಲಕ, ಶಿರಸಿ